ಎಣ್ಣೆ ಶಿವಪುತ್ರಪ್ಪ ಹೊಲಿದ ಚೀಲ

ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಬರೀ ಶಿವಪುತ್ರಪ್ಪ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎಣ್ಣೆ ಶಿವಪುತ್ರಪ್ಪ ಎಂದರೆ ಹಮಾಲರು ಕೂಡ ತಲೆಯ ಮೇಲಿನ ಚೀಲ ಇಳಿಸದೆಯೇ ದಾರಿ ತೋರಿಸುತ್ತಿದ್ದರು. ಇಂಡಿ ತಾಲೂಕಿನಿಂದ ಬಂದ ಈ ಮನುಷ್ಯ ಇಪ್ಪತ್ತೇಳು ವರ್ಷ ಒಂದೇ ಎಣ್ಣೆ ಅಂಗಡಿಯಲ್ಲಿ ಗುಮಾಸ್ತನಾಗಿ ಕೂತವನು. ಡಬ್ಬಿಯಿಂದ ಒಂದು ಹನಿ ತೆಗೆದು ಅಂಗೈಗೆ ತಿಕ್ಕಿ ಮೂಸಿದರೆ ಸಾಕು, ಶೇಂಗಾ ಯಾವ ತಾಲೂಕಿನದು, ಗಾಣದವನು ಅದರಲ್ಲಿ ಏನು ಬೆರೆಸಿದ್ದಾನೆ ಎಂದು ಹೇಳಿಬಿಡುತ್ತಿದ್ದ. ಅರ್ಧಕ್ಕರ್ಧ ಸಲ ಅದು ತಪ್ಪಾಗಿರುತ್ತಿತ್ತು. ಆದರೆ ಅವನು ಹೇಳುವ ಗತ್ತಿಗೆ ಎದುರು ಮಾತಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಜಗತ್ತಿನ ಸಕಲ ತೊಂದರೆಗೂ ಎಣ್ಣೆ ಕಡಿಮೆ ಬಿದ್ದದ್ದೇ ಕಾರಣ ಎಂದು ಅವನು ಮನಸಾರೆ ನಂಬಿದ್ದ. ಬಾಗಿಲು ಕಿರ್ ಎಂದರೆ ಎಣ್ಣೆ. ಮಗಳಿಗೆ ಕೆಮ್ಮು ಬಂದರೆ ಹೊಕ್ಕುಳಿಗೆ ಎಣ್ಣೆ. ಗೋಡೆಯ ಗಡಿಯಾರ ಐದು ನಿಮಿಷ ಹಿಂದೆ ಬಿದ್ದಾಗ ಅದಕ್ಕೂ ಎಣ್ಣೆ ಬಿಟ್ಟ. ಆ ಗಡಿಯಾರ ಅಂದು ನಿಂತದ್ದು, ಮತ್ತೆ ನಡೆಯಲೇ ಇಲ್ಲ. "ಅದಕ್ಕ ಎಣ್ಣಿ ಸಾಲಲಿಲ್ಲ," ಎಂದು ಇವತ್ತಿಗೂ ಹೇಳುತ್ತಾನೆ.

ಹೆಂಡತಿ ರುದ್ರವ್ವನಿಗೆ ಅವನು ಕೊಟ್ಟ ಕಾಣಿಕೆಗಳೂ ಎಣ್ಣೆಯ ದಾರಿಯಿಂದಲೇ ಬಂದವು. ದೀಪಾವಳಿಗೆ ಎಣ್ಣೆ ಕಂಪನಿಗಳು ಅಂಗಡಿಗೆ ಹಂಚುವ ಸ್ಟೀಲ್ ಡಬ್ಬಿ, ಛತ್ರಿ, ಥರ್ಮಾಸು, ಕಂಪನಿಯ ಹೆಸರು ಬರೆದ ಟವೆಲ್ಲು. ರುದ್ರವ್ವ ಒಂದೊಂದನ್ನೂ ತಿರುಗಿಸಿ ನೋಡಿ, "ಇರ್ಲಿ ಬಿಡ್ರಿ," ಎಂದು ಮಂಚದ ಕೆಳಗಿನ ಹಸಿರು ಟ್ರಂಕಿನಲ್ಲಿ ಇಟ್ಟುಬಿಡುತ್ತಿದ್ದಳು. ಟ್ರಂಕಿಗೆ ಹೋದದ್ದು ಮತ್ತೆ ಬೆಳಕು ಕಾಣುತ್ತಿರಲಿಲ್ಲ. ಹೊರಗೆ ಉಳಿದದ್ದು ಒಂದೇ ಒಂದು, ಒಂದು ಬಟ್ಟೆಯ ಕೈಚೀಲ. ಅದರ ಮೇಲೆ ಕಿವಿ ನಿಮಿರಿಸಿದ ಎರಡು ಮೊಲಗಳ ಚಿತ್ರ, ಕೆಳಗೆ ಮರಾಠಿಯಲ್ಲಿ ಜೋಡಿ ಮೊಲದ ಶೇಂಗಾ ಎಣ್ಣೆಯೇ ಶುದ್ಧ ಎಂಬ ಬರಹ. ಹಿಡಿಕೆ ಗಟ್ಟಿಯಾಗಿದ್ದರಿಂದ ರುದ್ರವ್ವ ಅದನ್ನು ಸಂತೆಗೂ ಗುಡಿಗೂ ಮದುವೆಗೂ ಒಯ್ಯುತ್ತಿದ್ದಳು.

ಆಪತ್ತು ಬಂದದ್ದು ಆ ಮೊಲಗಳಿಂದಲೇ. ಎರಡು ಸಾವಿರದ ಐದನೆಯ ಇಸವಿಯಲ್ಲಿ ಸೊಲ್ಲಾಪುರದಲ್ಲಿ ರುದ್ರವ್ವನ ತಂಗಿ ಇಂದೂನ ಬಸುರಿ ಮಗಳ ಕುಪ್ಪಸ ಕಾರ್ಯ ನಡೆಯಿತು. ತುಂಬಿದ ಮಂದಿಯ ನಡುವೆ ಇಂದೂ ಅಕ್ಕನ ಕೈಯ ಚೀಲ ನೋಡಿ, "ಬರ್ರಿ ಬರ್ರಿ, ನಮ್ಮಕ್ಕ ಎಣ್ಣಿ ಮಾರ್ಲಿಕ್ಕ ಬಂದಾಳ!" ಎಂದಳು. ಮಂದಿಯೆಲ್ಲ ನಕ್ಕರು. ರುದ್ರವ್ವನೂ ನಕ್ಕಳು. ಆದರೆ ಮರಳಿ ಬರುವಾಗ ಬಸ್ಸಿನಲ್ಲಿ ಚೀಲವನ್ನು ಮೊಲಗಳು ಕಾಣದ ಹಾಗೆ ಮಗುಚಿ ತೊಡೆಯ ಮೇಲೆ ಇಟ್ಟುಕೊಂಡಳು. ಪುಣೆ ಹತ್ತಿರ ಬಂದು ಹಡಪಸರ ದಾಟಿದ ಮೇಲೆ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೇಳಿದಳು: "ಲಗ್ನಾಗಿ ಇಪ್ಪತ್ತೈದು ವರ್ಷ ಆಗ್ಲಿಕ್ಕ ಬಂತು. ನಿಮ್ಮ ಕೈಯಾಗಿಂದು ಅಂತ ನನಗ ಒಂದರ ಬಂದದೇನ್ರಿ? ಎಲ್ಲಾ ಕಂಪನೀದು."

ಇದಕ್ಕೆ ಯಾವ ಎಣ್ಣೆ ಹಚ್ಚಬೇಕು ಎಂಬುದು ಶಿವಪುತ್ರಪ್ಪನಿಗೆ ನಿಜವಾಗಿಯೂ ತಿಳಿಯಲಿಲ್ಲ.

ಮಗಳು ನೀತಾ ಮಗರಪಟ್ಟಾದ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿ ಯಾರಾದರೂ ಸೀನಿದರೂ ಕೇಕ್ ಕತ್ತರಿಸುತ್ತಿದ್ದರು. ಹಾಗಾಗಿ ಅಪ್ಪ ಅವ್ವನ ಮದುವೆಯ ಇಪ್ಪತ್ತೈದನೆಯ ವರ್ಷವನ್ನು ಆಕೆ ಬಿಡುವ ಪೈಕಿಯವಳಲ್ಲ. ಮುಂದಿನ ತಿಂಗಳ ಒಂದು ಭಾನುವಾರ ಗೊತ್ತುಮಾಡಿ, ಸೊಲ್ಲಾಪುರದ ಚಿಕ್ಕಮ್ಮನಿಗೂ ಫೋನು ಮಾಡಿಬಿಟ್ಟಳು. ಆಮೇಲೆ ಅಪ್ಪನನ್ನು ಓಣಿಯ ಕಡೆಗಿನ ಗ್ಯಾಲರಿಗೆ ಕರೆದು, "ಅಪ್ಪಾ, ಅವ್ವಗ ಏನ ಕೊಡ್ತಿ? ಡಬ್ಬಿ ಗಿಬ್ಬಿ ಕೊಟ್ರ ನೋಡು ಮತ್ತ," ಎಂದಳು.

"ಚೀಲ," ಎಂದ ಶಿವಪುತ್ರಪ್ಪ. "ತೊಗಲಿಂದು. ನಾನ ಹೊಲೀತೀನಿ."

ಮಾತು ಬಾಯಿಂದ ಬಿದ್ದುಹೋಗಿತ್ತು. ಅವನು ಜೀವಮಾನದಲ್ಲಿ ಅಂಗಿಯ ಗುಂಡಿ ಕೂಡ ಹೊಲಿದವನಲ್ಲ. ಆದರೆ ಇಂದೂನ ಮುಂದೆ ರುದ್ರವ್ವ ತನ್ನ ಕೈಯ ಚೀಲ ಹೆಗಲಿಗೆ ಹಾಕಿಕೊಂಡು ನಿಂತ ಚಿತ್ರ ಒಮ್ಮೆ ಕಣ್ಣಿಗೆ ಬಂತು, ಅಷ್ಟೇ. ಅದು ಟ್ರಂಕಿಗೆ ಹೋಗಬಾರದು, ಹೆಗಲಿಗೆ ಹೋಗಬೇಕು. ಅವನಿಗೆ ಬೇಕಾದದ್ದು ಇಷ್ಟೇ.

ತೊಗಲು ಎಂದ ಕೂಡಲೇ ನೆನಪಾದವನು ಭೀಮಣ್ಣ. ಭೀಮಣ್ಣ ಅಥಣಿಯ ಚಪ್ಪಲಿ ಮಾಡುವ ಮನೆತನದವನು, ಪುಣೆಯ ಕೊಂಢವಾದಲ್ಲಿ ಒಂದು ಸಣ್ಣ ಗೋದಾಮು ಇಟ್ಟುಕೊಂಡು ಚರ್ಮ ಮಾರುತ್ತಿದ್ದ. ಪ್ರತಿವರ್ಷ ದೀಪಾವಳಿಯ ಮುಂದೆ ಶಿವಪುತ್ರಪ್ಪನ ಅಂಗಡಿಗೆ ಬಂದು ಒಂದು ಡಬ್ಬಿ ಶೇಂಗಾ ಎಣ್ಣೆ ಒಯ್ಯುತ್ತಿದ್ದ. ಒಳ್ಳೆಯ ಗಿರಾಕಿ, ಕನ್ನಡದವನು ಬೇರೆ.

"ಬರ್ರಿ ಸಾಹುಕಾರ್ರ," ಎಂದು ಭೀಮಣ್ಣ ಚಹಾ ತರಿಸಿ, ವಿಷಯ ಕೇಳಿ, ನಗುವನ್ನು ಕಪ್ಪಿನೊಳಗೇ ನುಂಗಿಕೊಂಡ. "ಹೊಸದಾಗಿ ಕಲಿಯೋರಿಗೆ ಎಣ್ಣಿ ಕುಡಿಸಿದ ತೊಗಲು ಭಾಳ ಚಲೋರಿ. ಮೆತ್ತಗ ಇರ್ತದ, ನೀರಿಗೆ ಅಂಜೂದಿಲ್ಲ, ಸಣ್ಣಪುಟ್ಟ ತಪ್ಪು ಹೊಟ್ಟಿಗೆ ಹಾಕ್ಕೊಳ್ತದ."

ಎಣ್ಣೆ ಎಂಬ ಮಾತು ಕೇಳಿದ್ದೇ ಶಿವಪುತ್ರಪ್ಪನ ಬೆನ್ನು ನೆಟ್ಟಗಾಯಿತು. ಇದು ತನ್ನ ಇಲಾಖೆ ಎಂದುಕೊಂಡ.

ಭೀಮಣ್ಣ ಒಂದು ಕಂದು ತೊಗಲನ್ನು ಹಾಸಿದ. ಮೂಲೆ ಹಿಡಿದು ಮಡಚಿ ಕೆಳಗಿನಿಂದ ಹೆಬ್ಬೆರಳು ಒತ್ತಿದ. ಒತ್ತಿದಲ್ಲಿ ಬಣ್ಣ ತಿಳಿಯಾಗಿ ಜೇನಿನ ಬಣ್ಣಕ್ಕೆ ಬಂತು, ಬಿಟ್ಟರೆ ಮೊದಲಿನ ಹಾಗೆ. "ಹಿಂಗ ಬಣ್ಣ ಓಡಬೇಕ್ರಿ. ಓಡ್ಲಿಲ್ಲಂದ್ರ ಎಣ್ಣಿ ಒಳಗ ಹೋಗಿಲ್ಲ, ಮ್ಯಾಲ ಸವರ್ಯಾರ ಅಂತ ತಿಳೀರಿ." ಆಮೇಲೆ ಉಗುರಿನಿಂದ ಬೇಕಂತಲೇ ಒಂದು ಗೀರು ಎಳೆದ. ಶಿವಪುತ್ರಪ್ಪ ಅಯ್ಯೋ ಎಂದ. ಭೀಮಣ್ಣ ಅದರ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ನಾಲ್ಕು ಸಲ ತಿಕ್ಕಿದ, ಗೀರು ಮಾಯವಾಯಿತು. "ಕೈಯ ಕಾವಿಗೆ ಒಳಗಿನ ಎಣ್ಣಿ ಸರಿದು ಬರ್ತದರಿ. ಬ್ಯಾರೆ ಏನೂ ಬೇಕಾಗಿಲ್ಲ, ಹೆಬ್ಬಟ್ಟು ಸಾಕು."

ಬೆನ್ನಿನ ಭಾಗವನ್ನೇ ಕತ್ತರಿಸಿ ಕೊಟ್ಟ, ಹೊಟ್ಟೆಯ ಭಾಗ ಜಗ್ಗುತ್ತದೆ ಎಂದ. ಮೇಲೆ ರುದ್ರವ್ವನ ಹೆಸರು ಅಚ್ಚೊತ್ತಬೇಕೆಂಬ ಆಸೆಗೆ ಅಲ್ಲೇ ತಣ್ಣೀರು ಎರಚಿದ. ಈ ತೊಗಲಿನ ಮೇಲೆ ಅಚ್ಚು ನಿಲ್ಲುವುದಿಲ್ಲ, ನಾಲ್ಕು ದಿನಕ್ಕೆ ಹೆಸರು ಅಳಿಸಿಹೋಗಿ ಯಾರದೋ ಚೀಲ ಆಗುತ್ತದೆ. ಗೋಂದೂ ಸುಮ್ಮನೆ ಹಿಡಿಯುವುದಿಲ್ಲ, ಅಂಟಿಸುವ ಜಾಗ ಮೊದಲು ಕೆರೆದು ಒರಟು ಮಾಡಬೇಕು. ತೂತು ಹೊಡೆದರೆ ಹೊಡೆದ ಹಾಗೆಯೇ, ಮುಚ್ಚುವುದಿಲ್ಲ. "ಅದಕ್ಕ ಮೊದಲು ಚೂರಿನ ಮ್ಯಾಲ ಕೈ ಕೂಡಸ್ಕೋರಿ. ಒಂದು ಕೀಲಿಗೊಂಚಲದ ಪಟ್ಟಿ ಮಾಡ್ರಿ, ಒಂದು ಕಣ್ಣಿನ ಚಾಳೀಸ್ ಹಾಕೋ ಪಾಕೀಟು ಮಾಡ್ರಿ. ಚೀಲ ಆಮ್ಯಾಲ," ಎಂದು ತೂತು ಹೊಡೆಯುವ ಆರಿ, ಎರಡು ಸೂಜಿ, ಮೇಣ ತಿಕ್ಕಿದ ದಾರ ಕಟ್ಟಿಕೊಟ್ಟ.

ಮನೆಯಲ್ಲಿ ರುದ್ರವ್ವ ಆ ಗಂಟು ನೋಡಿ ಒಂದೇ ಮಾತು ಹೇಳಿದಳು. "ಅದು ಏನರ ಇರ್ಲಿ, ಅಡಗಿಮನಿ ಹೊಸ್ತಿಲ ದಾಟಬಾರ್ದು." ಆಕೆಯ ಮಡಿ ಅಂಥದು. ಅಪ್ಪಿತಪ್ಪಿ ಯಾರದಾದರೂ ಚಪ್ಪಲಿ ಅಡುಗೆಮನೆಯ ಬಾಗಿಲಿಗೆ ಬಂದರೆ ಆಕೆ ನೆಲವನ್ನು ಎರಡು ಸಲ ತೊಳೆಯುತ್ತಿದ್ದಳು. ಶಿವಪುತ್ರಪ್ಪ ಗ್ಯಾಲರಿಯಲ್ಲಿ ಚಾಪೆ ಹಾಕಿದ, ನಡುವೆ ಒಂದು ಪರದೆಯನ್ನೂ ಕಟ್ಟಿದ. ಅಂಗಡಿಯ ಏನೋ ಕೆಲಸ ಎಂದು ಸುಳ್ಳು ಹೇಳಿದ. ಆಕೆ ಮುಂದೆ ಏನೂ ಕೇಳಲಿಲ್ಲ.

ಕೀಲಿಗೊಂಚಲಿನ ಪಟ್ಟಿ ಎಷ್ಟು ದೊಡ್ಡದಾಯಿತೆಂದರೆ ಅಂಗಡಿಯ ಹಮಾಲರು ಅದನ್ನು ಒಂಟಿ ಚಪ್ಪಲಿ ಎಂದುಕೊಂಡು ಹೊರಗೆ ಬಿಟ್ಟುಬಂದರು, ಕೀಲಿ ಸಮೇತ. ಚಾಳೀಸಿನ ಪಾಕೀಟು ಅದಕ್ಕಿಂತ ಚೆನ್ನಾಗಿ ಬಂತು. ಚಾಳೀಸು ಒಳಗೆ ಹೋಯಿತು. ಹೊರಗೆ ಬರಲಿಲ್ಲ. ಎಳೆದು, ಜಾಡಿಸಿ, ಕೊನೆಗೆ ಸ್ವಲ್ಪ ಎಣ್ಣೆಯನ್ನೂ ಬಿಟ್ಟು ನೋಡಿದ. ಎರಡು ದಿನ ಅಂಗಡಿಯಲ್ಲಿ ಬಿಲ್ಲುಗಳನ್ನು ತೋಳಿನಷ್ಟು ದೂರ ಹಿಡಿದು ಓದಿದ. ಮೂರನೆಯ ದಿನ ನೀತಾ ಹೊಲಿಗೆ ಬಿಚ್ಚಿ ಬಿಡುಗಡೆ ಮಾಡಿದಳು.

ಆದರೂ ಮನುಷ್ಯ ಹಟದವನು. ಚೂರುಗಳ ಮೇಲೆ ಕೈ ಕೂಡಿಸಿಕೊಂಡ. ದಾರದ ಎರಡೂ ತುದಿಗೆ ಸೂಜಿ ಪೋಣಿಸಿ, ಒಂದೇ ತೂತಿನಲ್ಲಿ ಅತ್ತಿಂದ ಒಂದು ಇತ್ತಿಂದ ಒಂದು ಹಾಯಿಸಿ ಜಗ್ಗುವುದನ್ನು ಕಲಿತ. ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಒಂದು ತಾಸು, ಭಾನುವಾರ ಇಡೀ ದಿನ. ತೊಗಲಿಗೆ ಗೀರು ಬಿದ್ದರೆ ಭೀಮಣ್ಣ ತೋರಿಸಿದ ಹಾಗೆ ಹೆಬ್ಬೆರಳಿನಿಂದ ತಿಕ್ಕಿದ. ಬೆರಳುಗಳಿಗೆ ಗಾಯವಾಯಿತು, ಗಾಯಕ್ಕೆ ಎಣ್ಣೆ ಹಚ್ಚಿದ. ಮೂರು ವಾರಕ್ಕೆ ಚೀಲ ಮುಗಿಯಿತು. ನಿಜ ಹೇಳಬೇಕೆಂದರೆ ಅದು ಚೆಂದವಾಗಿತ್ತು. ಒಂದು ಕಡೆ ತುಸು ಸೊಟ್ಟ, ಹೊಲಿಗೆ ಒಂದೆರಡು ಕಡೆ ಕುಡಿದವನ ನಡಿಗೆ, ಆದರೆ ಮಡಚಿದಲ್ಲಿ ಜೇನುಬಣ್ಣ ಮೂಡುತ್ತಿತ್ತು. ಶಿವಪುತ್ರಪ್ಪ ಪರದೆಯ ಹಿಂದೆ ಅದನ್ನು ತನ್ನ ಹೆಗಲಿಗೆ ಹಾಕಿಕೊಂಡು ಎರಡು ಹೆಜ್ಜೆ ನಡೆದೂ ನೋಡಿದ.

ಅಲ್ಲಿಗೆ ಕೈ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಶುಕ್ರವಾರ, ರಜೆ ಹಾಕಿ ಮನೆಯಲ್ಲಿದ್ದವನು, ಚೀಲವನ್ನು ಮೂಗಿಗೆ ಹಿಡಿದು ಮೂಸಿದ. ಇಪ್ಪತ್ತೇಳು ವರ್ಷದ ಅಭ್ಯಾಸ, ಏನು ಮಾಡುವುದು! ಮೂಸಿದರೆ ಶೇಂಗಾ ಇಲ್ಲ, ಕುಸುಬಿ ಇಲ್ಲ, ಎಳ್ಳೂ ಇಲ್ಲ. ಏನೋ ಬೇರೆಯೇ ವಾಸನೆ. ಕಾರ್ಖಾನೆಯವನು ಎಣ್ಣೆಯಲ್ಲಿ ಕೈ ಆಡಿಸಿದ್ದಾನೆ ಎಂದು ಶಿವಪುತ್ರಪ್ಪ ತೀರ್ಪು ಕೊಟ್ಟ. ಪಾಪ, ಭೀಮಣ್ಣ ಅದಕ್ಕೇ ಅಲ್ಲವೇ ಪ್ರತಿವರ್ಷ ಒಂದು ಡಬ್ಬಿ ಶೇಂಗಾ ಎಣ್ಣೆ ಒಯ್ಯುವುದು? ಕಾರ್ಖಾನೆಯವನು ಬಿಟ್ಟದ್ದನ್ನು ಇವನು ತುಂಬಿಸುತ್ತಾನೆ! ಇಷ್ಟು ದಿನ ಈ ಗುಟ್ಟು ತನಗೆ ಹೊಳೆಯಲಿಲ್ಲವಲ್ಲ ಎಂದು ಹಣೆ ಚಚ್ಚಿಕೊಂಡ.

ಜೋಡಿ ಮೊಲದ ಡಬ್ಬಿ ತೆಗೆದ. ಮೊದಲು ಹತ್ತಿಯಲ್ಲಿ ಅದ್ದಿ ಸವರಿದ. ಎಣ್ಣೆ ಕಣ್ಣೆದುರೇ ಒಳಗೆ ಇಳಿದುಹೋಯಿತು. "ಎಷ್ಟು ನೀರಡಿಸ್ಯದ ನೋಡು ಇದಕ್ಕ," ಎಂದು ಮರುಗಿ ಒಂದು ಬಟ್ಟಲು ಹಾಕಿದ. ಅದೂ ಇಳಿಯಿತು. ಮತ್ತೊಂದು ಬಟ್ಟಲು. ಆಮೇಲೆ ಒಳಗಿನಿಂದಲೂ ಕುಡಿಸಿದ. ಕೊನೆಗೆ ಹಪ್ಪಳ ಒಣಗಿಸುವ ಹಾಗೆ ತಾರಸಿಯ ಬಿಸಿಲಲ್ಲಿ ಇಟ್ಟು ಬಂದು ನೆಮ್ಮದಿಯಿಂದ ಊಟ ಮಾಡಿ ಮಲಗಿದ.

ಸಂಜೆ ಹೋಗಿ ನೋಡಿದರೆ ಜೇನುಬಣ್ಣವೂ ಇಲ್ಲ, ಕಂದುಬಣ್ಣವೂ ಇಲ್ಲ. ಚೀಲ ಕರ್ರಗಾಗಿ, ಮೆತ್ತಗಾಗಿ, ತಣ್ಣಗಾದ ಬದನೆಕಾಯಿ ಭಜಿಯ ಹಾಗೆ ಬಿದ್ದುಕೊಂಡಿತ್ತು. ಎತ್ತಿದರೆ ಹೆಗಲಿನ ಪಟ್ಟಿ ಜಗ್ಗಿ ಮೊಣಕಾಲಿಗೆ ಬಂತು. ತುದಿಯಿಂದ ತೊಟ್ಟು ತೊಟ್ಟು ಎಣ್ಣೆ. ಇರುವೆಗಳು ಆಗಲೇ ಸಾಲು ಹಿಡಿದಿದ್ದವು.

ಶಿವಪುತ್ರಪ್ಪ ಓಡಿಬಂದು ಭೀಮಣ್ಣನಿಗೆ ಫೋನು ಮಾಡಿದ. ಆದದ್ದನ್ನೆಲ್ಲ ಹೇಳಿದ.

"ಸಾಹುಕಾರ್ರ, ಅದು ಕುಡಿದು ಬಂದ ತೊಗಲರಿ. ಮತ್ಯಾಕ ಕುಡಿಸಿದ್ರಿ?"

"ಮತ್ತ ನೀವು ವರ್ಷಾ ಒಂದು ಡಬ್ಬಿ ಒಯ್ತೀರಲ್ರಿ?"

"ಅಯ್ಯ, ಅದು ದೀಪಾವಳಿಗೆ ಚಕ್ಕುಲಿ ಕರೀಲಿಕ್ಕರೀ! ನಮ್ಮ ಮನ್ಯಾಗ ಹದಿನಾಲ್ಕು ಮಂದಿ ಇದ್ದೀವಿ!"

ಫೋನು ಇಟ್ಟು ಶಿವಪುತ್ರಪ್ಪ ಗ್ಯಾಲರಿಯ ಚಾಪೆಯ ಮೇಲೆ ಕೂತ. ಚೀಲ ತೊಡೆಯ ಮೇಲೆ, ತೊಡೆಯ ತುಂಬ ಎಣ್ಣೆ. ಐವತ್ಮೂರು ವರ್ಷದ ಮನುಷ್ಯನಿಗೆ ಅಳು ಬಂದುಬಿಟ್ಟಿತು. ಆಗಲೇ ರುದ್ರವ್ವ ಪರದೆ ಸರಿಸಿ ಚಹಾ ತಂದಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

"ನಿನಗ ಮಾಡಿದ್ದೆ," ಎಂದ. "ಇಂದೂ ಬರೋ ದಿನ ಹಾಕ್ಕೋತಿ ಅಂತ. ನನ್ನ ಕೈಯಾಗಿಂದು."

ರುದ್ರವ್ವ ಅವನ ಬೆರಳುಗಳ ಗಾಯ ನೋಡಿದಳು, ಚೀಲ ನೋಡಿದಳು. "ಇರ್ಲಿ ಬಿಡ್ರಿ," ಎಂದು ಒಳಗೆ ಹೋದಳು.

ಟ್ರಂಕಿನ ಮಾತು! ಆ ರಾತ್ರಿ ಶಿವಪುತ್ರಪ್ಪನಿಗೆ ಊಟ ಸೇರಲಿಲ್ಲ.

ಶನಿವಾರ ಎದ್ದು ನೋಡಿದರೆ ಗ್ಯಾಲರಿಯಲ್ಲಿ ಚೀಲ ಇರಲಿಲ್ಲ. ರುದ್ರವ್ವ ಗುಡಿಗೆ ಹೋದ ಸಮಯ ನೋಡಿ ಮೆಲ್ಲಗೆ ಟ್ರಂಕು ತೆಗೆದ. ಇಪ್ಪತ್ತೈದು ವರ್ಷದ ಡಬ್ಬಿ, ಛತ್ರಿ, ಥರ್ಮಾಸುಗಳೆಲ್ಲ ಅವನ ಮುಖ ನೋಡಿದವು, ಚೀಲ ಮಾತ್ರ ಇರಲಿಲ್ಲ. ಟ್ರಂಕಿಗೂ ಬೇಡವಾಯಿತೇ ಎಂದುಕೊಂಡ. ಕೆಳಗೆ ಓಡಿ ಸೊಸೈಟಿಯ ಕಚರಾ ಡಬ್ಬಿಯಲ್ಲಿ ತೋಳಿನವರೆಗೆ ಕೈ ಹಾಕಿ ಹುಡುಕಿದ. ಅವನ ಪ್ಯಾಂಟಿನಿಂದ ಬರುತ್ತಿದ್ದ ಶೇಂಗಾ ವಾಸನೆಗೆ ಓಣಿಯ ಮೂರು ನಾಯಿಗಳು ಬಂದು ಜೊತೆಗೆ ಹುಡುಕಿದವು. ವಾಚಮನ್ "ಕಾಯ್ ಶೋಧತಾಯ್ ಕಾಕಾ?" ಎಂದು ಕೇಳಿದರೆ, ಏನು ಹುಡುಕುತ್ತಿದ್ದೇನೆಂದು ಹೇಳಲಾರದೆ "ಕಾಯ್ ನಾಯ್", ಏನಿಲ್ಲ, ಎಂದ. ಸಂಜೆಯವರೆಗೂ ಆ ನಾಯಿಗಳು ಅವನ ಬೆನ್ನು ಬಿಡಲಿಲ್ಲ. ರುದ್ರವ್ವನನ್ನು ಬಾಯಿಬಿಟ್ಟು ಕೇಳುವ ಧೈರ್ಯ ಅವನಿಗೆ ಬರಲಿಲ್ಲ, ಎಸೆದೆ ಎಂದುಬಿಟ್ಟರೆ?

ಭಾನುವಾರ ಹತ್ತು ಗಂಟೆಗೆ ಇಂದೂ ಬಂದಳು, ಹೊಸ ಸೀರೆ, ಹೊಸ ಬಳೆ. ರುದ್ರವ್ವ ತಂಗಿಗೆ ಮಿರ್ಚಿ ಭಜಿ ಇಷ್ಟ ಎಂದು, ಮೊಲದ ಚೀಲ ಹಿಡಿದು ಮೆಣಸಿನಕಾಯಿ ತರಲು ಕೆಳಗೆ ಇಳಿದಳು. ಬಾಗಿಲಲ್ಲಿ ನಿಂತು, "ನಾ ಬರೋತನ ಅಡಗಿಮನ್ಯಾಗ ಯಾರೂ ಏನೂ ಮುಟ್ಟಬ್ಯಾಡ್ರಿ," ಎಂದು ಎಚ್ಚರಿಸಿಯೂ ಹೋದಳು. ಇಂದೂ ಆ ಚೀಲ ನೋಡಿ, "ಇನ್ನೂ ಅದಽ ಅದ ಏನ್ರಿ ಮಾಂವಾ? ಮೊಲಕ್ಕೂ ಮುದಿತನ ಬಂತಲ್ರಿ!" ಎಂದು ನಕ್ಕಳು.

ಶಿವಪುತ್ರಪ್ಪನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಲ್ಲಿ ಕೂರಲಾಗದೆ, "ನಾ ಹಿಟ್ಟು ಕಲಸಿ ಇಡ್ತೀನಿ, ಅಕಿಗೆ ಹಗರಾಗ್ತದ," ಎಂದು ಅಡುಗೆಮನೆಗೆ ನುಗ್ಗಿದ. ಹೆಂಡತಿಯ ಮಾತು ಮೀರಿದೆ ಎಂಬುದೂ ಹೊಳೆಯಲಿಲ್ಲ. ಹಿಂದೆಯೇ ಇಂದೂನೂ ನೀತಾನೂ ಬಂದರು. ಅವನು ಕಡಲೆಹಿಟ್ಟಿನ ದೊಡ್ಡ ಡಬ್ಬಿ ಎಳೆದು, ಮುಚ್ಚಳ ತೆಗೆದು, ಬೊಗಸೆ ತುಂಬಲು ಒಳಗೆ ಕೈ ಹಾಕಿದ.

ಕೈಗೆ ಏನೋ ಮೆತ್ತನೆಯದು ಸಿಕ್ಕಿತು. ಎಳೆದ. ಬಂತು. ಇನ್ನೂ ಎಳೆದ, ಇನ್ನೂ ಬಂತು. ಮೊಳಗಟ್ಟಲೆ ಉದ್ದದ ಏನೋ ಒಂದು ಹಿಟ್ಟಿನೊಳಗಿಂದ ಹೊರಬರುತ್ತಲೇ ಇತ್ತು.

"ಹಾವು!" ಎಂದು ಇಂದೂ ಚೀರಿ ಗ್ಯಾಸಿನ ಕಟ್ಟೆಗೆ ಹತ್ತಿ ಕೂತಳು. ಅಷ್ಟರಲ್ಲಿ ಪಟ್ಟಿಯ ಹಿಂದೆ ಚೀಲವೂ ಎದ್ದು ಬಂತು, ಅದರ ಹಿಂದೆ ಅರ್ಧ ಡಬ್ಬಿ ಹಿಟ್ಟು ಹಾರಿತು. ಹಳದಿ ಮೋಡ ಕೆಳಗಿಳಿದ ಮೇಲೆ ನೋಡಿದರೆ ಬಾಗಿಲಲ್ಲಿ ರುದ್ರವ್ವ ಮೆಣಸಿನಕಾಯಿ ಹಿಡಿದು ನಿಂತಿದ್ದಳು.

ಮೊದಲು ಬಾಯಿ ತೆರೆದವಳು ಇಂದೂ, ಕಟ್ಟೆಯ ಮೇಲಿಂದಲೇ. "ಅಕ್ಕಾ, ಹಿಟ್ಟಿನ ಡಬ್ಬ್ಯಾಗ ತೊಗಲು! ಚಪ್ಪಲಿ ಬಾಗಲಕ್ಕ ಬಂದ್ರ ನೆಲ ತೊಳಿಯಾಕಿ ನೀ! ಇದನ್ನ ಯಾರು ಇಟ್ರು ಇಲ್ಲಿ?"

"ನಾನಽ ಇಟ್ಟೀನಿ," ಎಂದಳು ರುದ್ರವ್ವ. "ನೀತಾ ಕೂಸಿದ್ದಾಗ ಎಣ್ಣಿ ಹಚ್ಚಿದ ಮ್ಯಾಲ ಕಡ್ಲಿಹಿಟ್ಟು ಹಚ್ಚಿ ಜಿಡ್ಡು ತಗೀತಿರಲಿಲ್ಲೇನು? ಹಂಗ. ಎಣ್ಣಿ ಇವರು ಹಚ್ಚಿದ್ರು, ಹಿಟ್ಟು ನಾ ಹಚ್ಚಿದೆ. ಆ ಡಬ್ಬಿ ಇನ್ನ ಅಡಗಿಗೆ ಅಲ್ಲ, ಬದಲಿ ಹಿಟ್ಟು ತರೂದು ಮರತು ಬಂದೆ ನೋಡು."

ಆಕೆ ಚೀಲ ತೆಗೆದುಕೊಂಡು ಸೆರಗಿನಿಂದ ಒರೆಸಿದಳು. ಹಿಟ್ಟು ಎರಡು ರಾತ್ರಿಯಲ್ಲಿ ಬೇಕಾದಷ್ಟು ಎಣ್ಣೆ ಕುಡಿದಿತ್ತು. ಕರಿಯ ಬಣ್ಣ ಇಳಿದು ಗಾಢ ಕಂದಾಗಿತ್ತು, ಹೊಲಿಗೆಯ ತೂತುಗಳಲ್ಲೆಲ್ಲ ಹಳದಿ ಹಿಟ್ಟು ತುಂಬಿ ಜರಿಯ ಅಂಚು ಹಚ್ಚಿದ ಹಾಗಿತ್ತು. ರುದ್ರವ್ವ ಮೆಣಸಿನಕಾಯಿಯನ್ನು ಬುಟ್ಟಿಗೆ ಸುರಿದಳು. ಮೊಲದ ಚೀಲದಿಂದ ತನ್ನ ಪುಟ್ಟ ಪಾಕೀಟು, ಮನೆಯ ಕೀಲಿ, ಗುಡಿಯ ಪ್ರಸಾದದ ಪೊಟ್ಟಣ ತೆಗೆದು ಒಂದೊಂದಾಗಿ ತೊಗಲಿನ ಚೀಲಕ್ಕೆ ಹಾಕಿದಳು. ಜಗ್ಗಿದ ಪಟ್ಟಿಗೆ ನಡುವೆ ಒಂದು ಗಂಟು ಬಿಗಿದು ಹೆಗಲಿಗೆ ಏರಿಸಿದಳು.

"ಎಲ್ಲಿಗೆ ಹೊಂಟಿ?" ಎಂದ ಶಿವಪುತ್ರಪ್ಪ. ಅವನ ರೆಪ್ಪೆ ಮೀಸೆಗಳೆಲ್ಲ ಹಳದಿಯಾಗಿದ್ದವು.

"ಹಿಟ್ಟು ತರ್ಲಿಕ್ಕ. ಇಂದೂ, ಇಳಿ ಕೆಳಗ, ಬಾ ಜೋಡಿ. ಹಿಟ್ಟು ನನ್ನ ಹೊಸಾ ಚೀಲದಾಗ ಹಾಕೂದಿಲ್ಲ, ನೀ ಇದನ್ನ ಹಿಡ್ಕೋ," ಎಂದು ಮೊಲದ ಚೀಲವನ್ನು ತಂಗಿಯ ಹೊಸ ಬಳೆಗಳ ಕೈಗೆ ತುರುಕಿದಳು.

ಶಿವಪುತ್ರಪ್ಪ ಗ್ಯಾಲರಿಗೆ ಓಡಿದ. ಕೆಳಗೆ ಓಣಿಯಲ್ಲಿ ಅಕ್ಕತಂಗಿಯರು ಹೊರಟಿದ್ದರು, ಇಂದೂನ ಕೈಯಲ್ಲಿ ಎರಡು ಮೊಲ ಎಲ್ಲರಿಗೂ ಕಾಣುವ ಹಾಗೆ ಕಿವಿ ನಿಮಿರಿಸಿದ್ದವು. ಗೇಟಿನಲ್ಲಿ ನಿಲ್ಲಿಸಿದ್ದ ಸೈಕಲ್ಲಿಗೆ ತಾಗಿ ತೊಗಲಿನ ಚೀಲಕ್ಕೆ ಒಂದು ಗೀರು ಬಿತ್ತು. ರುದ್ರವ್ವ ನಿಂತಳು. ಚೀಲವನ್ನು ಮುಂದಕ್ಕೆ ತಂದು, ಗೀರಿನ ಮೇಲೆ ಹೆಬ್ಬೆರಳು ಇಟ್ಟು ಮೆಲ್ಲಗೆ ನಾಲ್ಕು ಸಲ ತಿಕ್ಕಿದಳು, ನೋಡಿದಳು, ಮುಂದೆ ನಡೆದಳು. ಅದನ್ನು ಶಿವಪುತ್ರಪ್ಪ ಅವಳಿಗೆ ಯಾವತ್ತೂ ಹೇಳಿಕೊಟ್ಟಿರಲಿಲ್ಲ. ಪರದೆಯ ಹಿಂದೆ ಮೂರು ವಾರ ಅವನು ಮಾಡಿದ್ದನ್ನೆಲ್ಲ ಆಕೆ ನೋಡಿದ್ದಳು.

ಅವನು ಕಣ್ಣೊರೆಸಿಕೊಂಡ, ಹಿಟ್ಟು ಕಣ್ಣಿಗೆ ಹೋಗಿ ಇನ್ನಷ್ಟು ನೀರು ಬಂತು. ಮತ್ತೆ ಬಗ್ಗಿ ನೋಡುವಾಗ ಓಣಿಯ ಮೂರು ನಾಯಿಗಳೂ ಚೀಲ ಮೂಸುತ್ತ ರುದ್ರವ್ವನ ಹಿಂದೆ ಸಾಲಾಗಿ ಹೊರಟಿದ್ದವು. ಆಕೆ ಅವುಗಳನ್ನು ಹಚಾ ಎನ್ನಲೂ ಇಲ್ಲ, ಚೀಲವನ್ನು ಹೆಗಲಿಂದ ಇಳಿಸಲೂ ಇಲ್ಲ.